"ಮಾತಾಡಬ್ಯಾಡ್ರಿ, ತ್ರಾಸ ಆಗ್ತದ"

ಬಾಯಿಯ ಕ್ಯಾನ್ಸರಿಗೆ ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡಲು ಹೋದವರು ತಪ್ಪದೇ ಹೇಳುವ ಒಂದು ಮಾತಿದೆ. "ಮಾತಾಡಬ್ಯಾಡ್ರಿ, ತ್ರಾಸ ಆಗ್ತದ." ಬೆಂಗಳೂರು, ಮೈಸೂರಿನ ಕಡೆಯವರಾದರೆ "ಮಾತಾಡ್ಬೇಡಿ, ಆಯಾಸ ಆಗುತ್ತೆ" ಅಂತಾರೆ. ಮುಂಬಯಿಯ ಮೂಲೆಮೂಲೆಯಲ್ಲೂ ಇರುವ ನಮ್ಮ ಕರಾವಳಿಯವರು "ಮಾತಾಡುವುದು ಬೇಡ ಮಾರಾಯ್ರೇ, ಸುಮ್ಮನೆ ಮಲಗಿ" ಅಂತಾರೆ. ಊರು ಬೇರೆ, ಮಾತು ಒಂದೇ. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ, ಅನುಮಾನವಿಲ್ಲ. ಆದರೆ ಆ ರೋಗಿಯ ಮಟ್ಟಿಗೆ ಇದರಷ್ಟು ಕೆಡುಕು ಮಾಡುವ ಮಾತು ಇನ್ನೊಂದಿಲ್ಲ ಅಂತ ನನಗೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ ಅನ್ನಿಸುತ್ತಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬೇಜಾರಿಲ್ಲದೆ ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮೂವತ್ತು ವರ್ಷ ಮೀರಿ ಈ ಊರಿನಲ್ಲಿರುವವನು, ಅಷ್ಟೇ. ಆದರೆ ಮುಂಬಯಿಯಲ್ಲಿ ಎರಡು ಖೋಲಿಯ ಮನೆ ಇರುವ ಉತ್ತರ ಕರ್ನಾಟಕದ ಯಾರನ್ನೇ ಕೇಳಿ, ಎರಡು ಮೂರು ವರ್ಷಕ್ಕೊಮ್ಮೆ ಊರಿಂದ ಒಂದು ಫೋನ್ ಬಂದಿರುತ್ತದೆ. "ಬಾಯಾಗ ಹುಣ್ಣ ಆಗೇದ, ಮಾಯಂಗಿಲ್ಲ. ಟಾಟಾಕ್ಕ ತೋರಸ್ರಿ ಅಂದಾರ." ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾಗಿದ್ದು 1941ರಲ್ಲಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದ್ದರೂ ಕಲಬುರ್ಗಿ, ವಿಜಯಪುರ, ಬೀದರಿನವರಿಗೆ ಇವತ್ತಿಗೂ ಕ್ಯಾನ್ಸರ್ ಅಂದರೆ ಮೊದಲು ನೆನಪಾಗುವುದು 'ಟಾಟಾ'ನೇ. ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ದಾದರ್. ದಾದರಿನಲ್ಲಿ ಗಾಡಗೆ ಮಹಾರಾಜರ ಧರ್ಮಶಾಲೆ, ಅಲ್ಲಿ ಜಾಗ ಸಿಗದಿದ್ದರೆ ಗುರುತಿನವರ ಮನೆ. ಹೀಗೆ ಬಂದವರ ಜೊತೆ ಒಂದಲ್ಲ ಒಂದು ಆಸ್ಪತ್ರೆಗೆ ದುಭಾಷಿಯಾಗಿ ಹೋಗಿ ಹೋಗಿ ಕಂಡದ್ದು, ಕೇಳಿದ್ದು, ಡಾಕ್ಟರುಗಳನ್ನು ಪೀಡಿಸಿ ತಿಳಿದುಕೊಂಡದ್ದು ನನ್ನ ಬಂಡವಾಳ.

ಸುಮ್ಮನಿರಬೇಕಾದ ದಿನಗಳು ಇಲ್ಲವೆಂದಲ್ಲ. ದವಡೆಯನ್ನೋ ನಾಲಿಗೆಯನ್ನೋ ಕತ್ತರಿಸಿ ತೆಗೆದ ಮೇಲೆ ಆ ಜಾಗಕ್ಕೆ ಎದೆಯಿಂದಲೋ ಮುಂಗೈಯಿಂದಲೋ ತೊಡೆಯಿಂದಲೋ ಮಾಂಸ ಚರ್ಮ ತಂದು ಹೊಲಿಯುತ್ತಾರೆ. ಮೂಳೆಯನ್ನೂ ತೆಗೆದಿದ್ದರೆ ಕೆಲವೊಮ್ಮೆ ಮೊಣಕಾಲ ಕೆಳಗಿನ ಸಣ್ಣ ಮೂಳೆ ತಂದು ದವಡೆ ಮಾಡುತ್ತಾರೆ. ಫ್ಲಾಪ್ ಅಂತ ಕರೆಯುವ ಈ ತೇಪೆಗೆ ರಕ್ತ ಹರಿದು ಅದು ಬದುಕಿಕೊಳ್ಳುವವರೆಗೆ ಬಾಯನ್ನು ಜಗ್ಗುವಂತಿಲ್ಲ. ಎಷ್ಟೋ ಜನರಿಗೆ ಗಂಟಲಿನ ಮುಂದೆ ತೂತು ಮಾಡಿ ಉಸಿರಾಟಕ್ಕೆ ನಳಿಗೆ ಹಾಕಿರುತ್ತಾರೆ. ಆಗ ಉಸಿರು ಧ್ವನಿಪೆಟ್ಟಿಗೆಯ ಮೇಲೆ ಹಾಯದೆ ಕೆಳಗಿನಿಂದಲೇ ಹೊರಗೆ ಹೋಗುವುದರಿಂದ ಮಾತಾಡಬೇಕೆಂದರೂ ಸದ್ದು ಬರುವುದಿಲ್ಲ. ಮೂಗಿನ ನಳಿಗೆಯಲ್ಲಿ ಊಟ. ಆ ದಿನಗಳು ಡಾಕ್ಟರಿಗೆ ಸೇರಿದ್ದು. ಆಗ ಒಂದು ವಹಿ, ಒಂದು ಪೆನ್ನು, ಓದು ಬಾರದವರಿಗೆ ನೀರು, ನೋವು, ಸಂಡಾಸು, ಹೊದಿಕೆ ಹೀಗೆ ನಾಲ್ಕು ಚಿತ್ರ ಬರೆದ ಒಂದು ರಟ್ಟು. ಇಷ್ಟು ಸಾಕು.

ನನ್ನ ತಕರಾರು ಆಮೇಲಿನದು. ನಳಿಗೆ ತೆಗೆದಿರುತ್ತಾರೆ, ಹೊಲಿಗೆ ಕೂಡಿರುತ್ತದೆ, ಡಾಕ್ಟರ್ "ಅಬ್ ಬಾತ್ ಕರೋ, ಮೂಹ್ ಖೋಲೋ" ಅಂತ ಹೇಳಿ ಕಳಿಸಿರುತ್ತಾರೆ. ಮನೆಯವರು ಮಾತ್ರ ಆ ಮೊದಲ ವಾರದ ಮೌನವನ್ನೇ ಮುಂದುವರಿಸುತ್ತಾರೆ. ವಹಿ ಪೆನ್ನು ಮಂಚದ ಪಕ್ಕದಿಂದ ಕದಲುವುದೇ ಇಲ್ಲ. ತಿಂಗಳು, ಎರಡು ತಿಂಗಳು, ಕೆಲವರಿಗೆ ಜೀವಮಾನ.

ನಮ್ಮ ದೊಡ್ಡಪ್ಪನ ಮಗ ಒಬ್ಬರಿಗೆ ನಾಲಿಗೆಯ ಎಡಭಾಗ ತೆಗೆದಿದ್ದರು. ಅಡತಿ ಅಂಗಡಿಯಲ್ಲಿ ಬದುಕು ಕಳೆದ ಮನುಷ್ಯ, ಅಂದರೆ ಬಾಯಿಂದಲೇ ದುಡಿದು ತಿಂದವರು. ತಪಾಸಣೆಗೆ ಹೋದಾಗ ಡಾಕ್ಟರು "ಹೇಗಿದ್ದೀರಿ" ಅಂತ ಕೇಳಿದ್ದು ಅವರನ್ನು. ಉತ್ತರ ಕೊಟ್ಟದ್ದು ಮಗ. "ನಿದ್ದೆ?" ಉತ್ತರ ವೈನಿಯದು. "ನೋವು?" ಮತ್ತೆ ಮಗ. ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು. ನಾನು "ಅಣ್ಣಾ, ನೀನ ಹೇಳು" ಅಂದೆ. ಡಾಕ್ಟರು ಪುಣ್ಯಾತ್ಮರು, ಪೆನ್ನು ಕೆಳಗಿಟ್ಟು ಕಾದರು. ಅರ್ಧ ನಿಮಿಷ ಹಿಡಿಯಿತೇನೋ. ಅವರು ಹೇಳಿದ್ದು ಇಷ್ಟು: "ಹಾಲ ಕುಡದ್ರ ಕೆಮ್ಮ ಬರ್ತದ. ರಾತ್ರಿ ಉಸರ ಕಟ್ಟತದ." ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರಿನಂಥ ಪದಾರ್ಥ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಜಾರುತ್ತಿತ್ತು. ಹಾಗೇ ಬಿಟ್ಟಿದ್ದರೆ ನ್ಯುಮೋನಿಯಾಕ್ಕೆ ದಾರಿ. ತಕ್ಷಣ ನುಂಗುವ ಪರೀಕ್ಷೆ ಮಾಡಿಸಿ, ಕೆಲವು ದಿನ ಗಟ್ಟಿ ಗಂಜಿಯಂಥದ್ದನ್ನೇ ಕೊಡಿ ಅಂದರು. ವೈನಿ ಹೊರಗೆ ಬಂದು ಅತ್ತದ್ದು ಬೇರೆ ವಿಷಯ. ಅವರ ಉಪಚಾರದಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೆ ಎಲ್ಲರೂ ಅವರ ಪರವಾಗಿ ಮಾತಾಡುತ್ತಿದ್ದುದರಿಂದ ಅವರಿಗೇನಾಗುತ್ತಿದೆ ಅಂತ ಯಾರಿಗೂ ಕೇಳಿಸಿರಲಿಲ್ಲ.

ಮಾತು ನಿಲ್ಲುವುದಕ್ಕೆ ಮನೆಯವರ ಕಾಳಜಿ ಒಂದೇ ಕಾರಣ ಅಲ್ಲ. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವಿದೆ, ವಾಸನೆ. ಹೊಸದಾಗಿ ಹೊಲಿದ ಆ ತೇಪೆಗೆ ಸ್ಪರ್ಶಜ್ಞಾನ ಇರುವುದಿಲ್ಲ. ಅನ್ನದ ಅಗುಳು ಅದರ ಕೆಳಗೆ ಸಿಕ್ಕಿಕೊಂಡರೆ ಗೊತ್ತಾಗುವುದಿಲ್ಲ. ನಾವೆಲ್ಲ ಊಟವಾದ ಮೇಲೆ ನಾಲಿಗೆ ಆಡಿಸಿ ಹಲ್ಲುಸಂದಿ ತೆಗೆದುಕೊಳ್ಳುತ್ತೇವೆ, ಅವರಿಗೆ ಆ ನಾಲಿಗೆಯೇ ಅರ್ಧ. ಎಂಜಲು ಸೋರುತ್ತದೆ. ಎರಡು ದಿನ ಸರಿಯಾಗಿ ತೊಳೆಯದಿದ್ದರೆ ಬಾಯಿ ನಾರುತ್ತದೆ. ನೋಡಲು ಬಂದವರು ಮುಖ ಹಿಂದೆ ಸರಿಸುತ್ತಾರೆ. ರೋಗಿ ಅದನ್ನು ಗಮನಿಸುತ್ತಾನೆ, ಟವೆಲ್ಲು ಬಾಯಿಗೆ ಹಿಡಿಯುತ್ತಾನೆ, ಹೆಂಗಸಾದರೆ ಸೆರಗು. ಮಾತು ನಿಲ್ಲುತ್ತದೆ. ಮಾತು ನಿಂತ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಮುಚ್ಚಿಕೊಂಡೇ ಇದ್ದ ದವಡೆ ಬಿಗಿದುಕೊಳ್ಳುತ್ತದೆ. ಬಿಗಿದ ಬಾಯೊಳಗೆ ಬ್ರಶ್ ಹೋಗುವುದಿಲ್ಲ, ಇನ್ನಷ್ಟು ನಾರುತ್ತದೆ. ನೋಡಿ, ಎಲ್ಲಿಂದ ಎಲ್ಲಿಗೆ ಬಂತು! ಅದಕ್ಕೇ ಬಾಯಿ ತೊಳೆಯುವುದು ಬೇರೆ, ಮಾತಾಡುವುದು ಬೇರೆ ಅಂತ ನನಗೆ ಅನ್ನಿಸುವುದೇ ಇಲ್ಲ.

ತೊಳೆಯುವುದರಲ್ಲಿ ಕಷ್ಟದ್ದೇನಿಲ್ಲ, ಬೇಸರ ಪಡಬಾರದು ಅಷ್ಟೇ. ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ದಿನವೂ ಹೊಸದಾಗಿ ಮಾಡಿ, ಎದ್ದಿರುವಾಗ ಎರಡು ಮೂರು ಗಂಟೆಗೊಮ್ಮೆ, ಊಟವಾದ ಮೇಲಂತೂ ತಪ್ಪದೇ ಮುಕ್ಕಳಿಸುವುದು. ಕೆನ್ನೆಗೆ ಬಲವಿಲ್ಲದೆ ಮುಕ್ಕಳಿಸಲು ಆಗದವರಿಗೆ ಸೂಜಿ ತೆಗೆದ ಸಿರಿಂಜಿನಿಂದ ಮೆಲ್ಲಗೆ ನೀರು ಹಾಯಿಸಬೇಕು, ತಲೆ ಮುಂದಕ್ಕೆ ಬಾಗಿಸಿ, ಮೊರದಂಥ ಅಗಲ ಪಾತ್ರೆ ಹಿಡಿದು. ಆಮೇಲೆ ಮೊಬೈಲಿನ ಟಾರ್ಚು ಹಾಕಿ ಒಳಗೆ ನೋಡಬೇಕು. ಚಿಕ್ಕ ಮಕ್ಕಳ ಮೃದು ಬ್ರಶ್ಶೇ ಆಗಬೇಕು. ಚಹಾ ಎಷ್ಟು ಬಿಸಿ ಅಂತ ಮರಗಟ್ಟಿದ ಕೆನ್ನೆಗೆ ತಿಳಿಯುವುದಿಲ್ಲ, ಸುಟ್ಟ ಮೇಲೂ ತಿಳಿಯುವುದಿಲ್ಲ, ಹಾಗಾಗಿ ಬೇರೆಯವರು ಕೈ ಮೇಲೆ ಹಾಕಿ ನೋಡಿಯೇ ಕೊಡಬೇಕು. ಗಂಡಸರಿಗೆ ಎದೆಯ ಚರ್ಮದ ತೇಪೆ ಹಾಕಿದ್ದರೆ ಬಾಯೊಳಗೆ ಕೂದಲು ಬೆಳೆಯುವುದುಂಟು. ಹೆದರಬೇಕಾಗಿಲ್ಲ, ನಾಚಬೇಕಾಗಿಯೂ ಇಲ್ಲ. ಚರ್ಮ ಎಲ್ಲಿಂದ ಬಂತೋ ಅಲ್ಲಿನ ಗುಣ ಬಿಡುವುದಿಲ್ಲ, ಮುಂಬಯಿಗೆ ಬಂದ ನಮ್ಮ ಹಾಗೆ.

ಬಂದವರೆಲ್ಲ ಒಂದೊಂದು ಔಷಧಿ ಹೇಳುತ್ತಾರೆ. ಲವಂಗದ ಎಣ್ಣೆ, ಪಟಕದ ನೀರು, ಅಂಗಡಿಯ ಖಾರದ ಮೌತ್‌ವಾಶ್. ಎಳೆ ಚರ್ಮಕ್ಕೆ, ಅದರಲ್ಲೂ ರೇಡಿಯೇಶನ್ ಶುರುವಾದ ಬಾಯಿಗೆ (ಊರ ಕಡೆ 'ಕರೆಂಟ್ ಕೊಡೋದು' ಅಂತಾರಲ್ಲ, ಅದು) ಇವು ಉರಿಯ ಮೇಲೆ ಉರಿ. ಸ್ಪಿರಿಟ್ ಇರುವ ಮೌತ್‌ವಾಶ್ ಬಾಯನ್ನು ಇನ್ನಷ್ಟು ಒಣಗಿಸುತ್ತದೆ. ಡಾಕ್ಟರು ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನೂ ಬೇಡ.

ಅದಕ್ಕಿಂತ ಮುಖ್ಯವಾದದ್ದು ಹಲ್ಲಿನ ವಿಚಾರ. ರೇಡಿಯೇಶನ್ನಿಗೆ ಮೊದಲು ಹುಳುಕು ಹಲ್ಲುಗಳನ್ನೆಲ್ಲ ನೋಡಿ ಕೀಳಬೇಕಾದದ್ದನ್ನು ಕಿತ್ತು ಮುಗಿಸುತ್ತಾರೆ. ಅದಕ್ಕೊಂದು ಕಾರಣವಿದೆ. ರೇಡಿಯೇಶನ್ ಬಿದ್ದ ದವಡೆಯ ಮೂಳೆಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ, ಆಮೇಲೆ ಹಲ್ಲು ಕಿತ್ತರೆ ಆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಇದು ಒಂದೆರಡು ತಿಂಗಳ ಪಥ್ಯ ಅಲ್ಲ, ಜೀವನಪರ್ಯಂತದ್ದು. ಐದು ವರ್ಷ ಬಿಟ್ಟು ಊರಿನಲ್ಲಿ ಹಲ್ಲು ನೋವು ಬಂದಾಗ ಯಾರೂ ನೆನಪಿಡುವುದಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ತಕ್ಷಣ "ನನಗೆ ಇಲ್ಲಿ ರೇಡಿಯೇಶನ್ ಆಗಿದೆ" ಅಂತ ಹೇಳಬೇಕು. ಹೇಳಲಿಕ್ಕೆ ಬಾಯಿ ಬೇಕು, ನಾನು ಹೇಳುತ್ತಿರುವುದೂ ಅದನ್ನೇ.

ಬಾಯಿ ತೆರೆಯುವ ವ್ಯಾಯಾಮದ ಬಗ್ಗೆಯೂ ಒಂದು ಮಾತು. ಸಾಧಾರಣ ಮನುಷ್ಯ ತನ್ನ ಮೂರು ಬೆರಳುಗಳನ್ನು ಒಂದರ ಕೆಳಗೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಬಲ್ಲ. ಅಳತೆಯಲ್ಲಿ 35 ಮಿಲಿಮೀಟರಿಗಿಂತ ಕಡಿಮೆಯಾದರೆ ಬಾಯಿ ಬಿಗಿದಿದೆ ಅಂತ ಲೆಕ್ಕ. ಬರೀ ಗುಟ್ಕಾ, ಅಡಿಕೆಯಿಂದಲೇ ಆಪರೇಷನ್ನಿಗೆ ಮೊದಲೇ ಒಂದೂವರೆ ಬೆರಳಿಗೆ ಇಳಿದು ಬಂದವರನ್ನು ನೋಡಿದ್ದೇನೆ. (ತಂಬಾಕು ಹಾಕಲ್ಲ, ಬರೀ ಅಡಿಕೆ ಅಂತ ಸಮಾಧಾನ ಹೇಳಿಕೊಳ್ಳುವವರಿಗೆ ಒಂದು ವಿಷಯ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯೊಂದೇ ಕ್ಯಾನ್ಸರ್ ತರಬಲ್ಲದು ಅಂತ 2004ರಲ್ಲೇ ಪ್ರಕಟಿಸಿದೆ. ಮಲೆನಾಡಿನ ಸ್ನೇಹಿತರು ಕೋಪಿಸಿಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ. ಸ್ಟೇಷನ್ ಗೋಡೆಗಳನ್ನು ನೋಡಿದರೆ ನಿಷೇಧದ ಹಣೆಬರಹ ತಿಳಿಯುತ್ತದೆ.) ಇರಲಿ. ಆಪರೇಷನ್ ಆದ ಮೇಲೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದೇ ಕಡ್ಡಿ ಹೆಚ್ಚಿಸುವುದನ್ನು ಹೇಳಿಕೊಡುತ್ತಾರೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ರೇಡಿಯೇಶನ್ನಿನ ಬಿಗಿತ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಬರುವಂಥದ್ದು. ಕಡ್ಡಿ ಬಿಟ್ಟ ದಿನದಿಂದ ಬಾಯಿ ಮತ್ತೆ ಕಿರಿದಾಗಲು ಶುರು.

ಈಗ ಮಾತಿಗೆ ಬರುತ್ತೇನೆ. ನಾವು ಒಂದನೇ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ ವರ್ಗೀಯ ವ್ಯಂಜನಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕ ಖ ಗ ಘ ಙ ನಾಲಿಗೆಯ ಬುಡದ ಕೆಲಸ. ಚ ಛ ಜ ಝ ಞ ನಾಲಿಗೆಯ ನಡುಭಾಗದ್ದು. ಟ ಠ ಡ ಢ ಣ ತುದಿಯನ್ನು ಮೇಲಕ್ಕೆ ಮಡಚಿ ಹೇಳುವಂಥದ್ದು. ತ ಥ ದ ಧ ನ ತುದಿ ಹಲ್ಲಿಗೆ ತಾಗಿಸಿ. ಪ ಫ ಬ ಭ ಮ ಬರೀ ತುಟಿ. ಗಂಟಲಿನಿಂದ ತುಟಿಯವರೆಗೆ ಬಾಯಿಯ ನಕ್ಷೆಯನ್ನೇ ಐದು ಸಾಲಿನಲ್ಲಿ ಬರೆದಿಟ್ಟಿದ್ದಾರೆ ಹಿಂದಿನವರು. ಆಪರೇಷನ್ ಎಲ್ಲಾಗಿದೆ ಅಂತ ತಿಳಿದರೆ ಯಾವ ಸಾಲು ಕೆಟ್ಟಿರಬಹುದು ಅಂತ ಸುಮಾರಾಗಿ ಹೇಳಬಹುದು. ನಾಲಿಗೆಯ ಮುಂಭಾಗ ಹೋಗಿದ್ದರೆ ಟ, ತ ಸಾಲುಗಳು, ಜೊತೆಗೆ ರ, ಲ, ಳ, ಸ ತೊದಲುತ್ತವೆ. ತುಟಿ ಕೂಡದಿದ್ದರೆ ಪ ಸಾಲು ಹೋಗುತ್ತದೆ, ಅಂದರೆ ಅಪ್ಪ, ಅಮ್ಮ ಎರಡೂ ಹೋದವು ಅಂತಾಯಿತು. ಮೇಲಿನ ಅಂಗುಳ ತೆಗೆದಿದ್ದರೆ ಉಸಿರು ಮೂಗಿನಿಂದ ಹೋಗಿ ಎಲ್ಲವೂ ಗೊಣಗೊಣ, 'ಬಾ' ಅಂದರೆ 'ಮಾ' ಕೇಳಿಸುತ್ತದೆ. ಅದಕ್ಕೆ ಹಲ್ಲಿನ ಸೆಟ್ಟಿನ ಹಾಗೆ ಒಂದು ಪ್ಲೇಟ್ ಮಾಡಿಕೊಡುತ್ತಾರೆ, ಹಾಕಿಕೊಂಡ ಕ್ಷಣ ಮಾತು ಬದಲಾಗುವುದನ್ನು ಕಿವಿಯಾರೆ ಕೇಳಿದ್ದೇನೆ. ಆ ಪ್ಲೇಟನ್ನೂ ದಿನವೂ ತೆಗೆದು ತೊಳೆಯಬೇಕು.

ಎಲ್ಲ ಅಕ್ಷರಗಳೂ ಒಟ್ಟಿಗೆ ಕೆಡುವುದಿಲ್ಲ ಅನ್ನುವುದೇ ಇಲ್ಲಿರುವ ದೊಡ್ಡ ಆಸ್ತಿ. ಸ್ವರಗಳು ಸುಮಾರಾಗಿ ಉಳಿದಿರುತ್ತವೆ. ಉಳಿದ ನಾಲಿಗೆ, ತುಟಿ, ಹಲ್ಲು ಸೇರಿ ಹೋದ ಅಕ್ಷರದ ಹತ್ತಿರ ಹತ್ತಿರದ ಸದ್ದನ್ನು ಮಾಡಲು ಕಲಿಯುತ್ತವೆ. ಕಲಿಯುವುದು ಹೇಗೆ? ಮಾತಾಡಿ. ನಿಧಾನವಾಗಿ, ಬಾಯಿ ಸ್ವಲ್ಪ ಹೆಚ್ಚೇ ಅಗಲಿಸಿ, ಎರಡು ಮೂರು ಶಬ್ದಕ್ಕೊಮ್ಮೆ ನಿಲ್ಲಿಸಿ. ಬೇರೆ ಮಂತ್ರವಿಲ್ಲ. ಮುರಿದ ಕೈಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ "ಕೈ ಆಡಿಸಬ್ಯಾಡ್ರಿ, ತ್ರಾಸ ಆಗ್ತದ" ಅಂತ ಯಾರಾದರೂ ಹೇಳುತ್ತಾರೆಯೇ?

ಮುಂಬಯಿಯ ದವಾಖಾನೆಗಳಲ್ಲಿ ಸ್ಪೀಚ್ ಥೆರಪಿ ಇಲ್ಲದಿಲ್ಲ. ಒಳ್ಳೆಯವರಿದ್ದಾರೆ, ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ಸಂಸ್ಥೆಯೇ ಇದೆ. ಆದರೆ ನನ್ನ ಅಣ್ಣನಿಗೆ ಕೊಟ್ಟ ಅಭ್ಯಾಸದ ಹಾಳೆ ಹಿಂದಿಯದು. ಹಿಂದಿಯಲ್ಲಿ ಳ ಇಲ್ಲ. ಮರಾಠಿಯಲ್ಲಿದೆ, ಹಾಳೆ ಮರಾಠಿಯದಲ್ಲ. ಕನ್ನಡದಲ್ಲೋ, ಳ ಇಲ್ಲದೆ ಒಂದು ವಾಕ್ಯ ದಾಟುವುದು ಕಷ್ಟ. ಅವಳು, ಬಂದಳು, ಮಗಳು, ಮಕ್ಕಳು, ಬೆಳಿಗ್ಗೆ, ಒಳಗೆ, ಕೆಳಗೆ. ಹುಳಿ ಕೇಳಿದರೆ ಹುಲಿ, ಹಳ್ಳಿ ಅಂದರೆ ಹಲ್ಲಿ, ಬಳಿ ಅಂದರೆ ಬಲಿ! ಆ ಹಾಳೆಯನ್ನು ಎಷ್ಟು ಶ್ರದ್ಧೆಯಿಂದ ಓದಿದರೂ ನಮ್ಮವರಿಗೆ ಹೆಚ್ಚು ಬೇಕಾದ ಅಕ್ಷರದ ಅಭ್ಯಾಸವೇ ಆಗುವುದಿಲ್ಲ. ಥೆರಪಿಸ್ಟ್ ಹುಡುಗಿಗೆ ಇದನ್ನು ಹೇಳಿದಾಗ ಅವಳು ಖುಷಿಯಿಂದಲೇ ಕೇಳಿಸಿಕೊಂಡು, "ನೀವೇ ಶಬ್ದಗಳನ್ನು ಬರೆದುಕೊಡಿ, ಯಾವ ಕ್ರಮದಲ್ಲಿ ಮಾಡಿಸಬೇಕು ಅಂತ ನಾನು ಹೇಳುತ್ತೇನೆ" ಅಂದಳು. ಒಂದು ಸಂಜೆಯ ಕೆಲಸ. ಅಕ್ಷರಕ್ಕೆ ಹತ್ತು ಶಬ್ದ, ಮನೆಯಲ್ಲಿ ದಿನಾ ಬಳಸುವಂಥದ್ದು. ಕಡೆಗೆ ಅಡತಿ ಅಂಗಡಿಯ ಶಬ್ದಗಳು: ತೊಗರಿ, ಕಡಲೆ, ಜೋಳ, ಚೀಲ, ದಲಾಲಿ. ಪೇಪರಿನ ಸುದ್ದಿ ಓದಲು ಬೇಸರ ಮಾಡುತ್ತಿದ್ದ ಅಣ್ಣ ಜೋಳದ ಧಾರಣೆ ಓದಲು ಮಾತ್ರ ಬೇಸರ ಮಾಡಲಿಲ್ಲ. ವಾರಕ್ಕೊಮ್ಮೆ ಅದೇ ಹತ್ತು ಸಾಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟೆವು. ಮೊದಲ ವಾರದ್ದನ್ನೂ ಎಂಟನೇ ವಾರದ್ದನ್ನೂ ಒಟ್ಟಿಗೆ ಕೇಳಿಸಿದಾಗ ಅವರ ಮುಖ ನೋಡಬೇಕಿತ್ತು.

ಊರಿಗೆ ಮರಳಿದ ಮೇಲೆ ಇದೆಲ್ಲ ನಿಂತುಹೋಗುತ್ತದೆ ಅನ್ನುವುದು ನಿಜ. ಆದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕಲಿತು ಹೊರಬಂದ ಕನ್ನಡದ ಥೆರಪಿಸ್ಟರು ಇದ್ದಾರೆ, ಈಗ ವಿಡಿಯೊ ಕರೆಯಲ್ಲೇ ಅಭ್ಯಾಸ ಮಾಡಿಸುವವರೂ ಸಿಗುತ್ತಾರೆ. ಆಪರೇಷನ್ನಿಗೆ ಲಕ್ಷ ಲಕ್ಷ ಹೊಂದಿಸುವ ಮನೆಯವರು ಇದಕ್ಕೆ ಮಾತ್ರ "ಮಾತ ಏನ್ ಮಾಡೂದೈತ್ರಿ, ಜೀವ ಉಳೀತಲ್ಲ" ಅಂತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಹೊರನಾಡಿನಲ್ಲಿರುವ ನಮ್ಮಂಥವರ ಮನೆಯಲ್ಲಿ ಇನ್ನೊಂದು ತೊಡಕು. ನಮ್ಮ ಬಿಲ್ಡಿಂಗಿನಲ್ಲೇ ಗದಗ ಕಡೆಯ ಒಬ್ಬ ಅಜ್ಜಿ ಇದ್ದಾರೆ. ನಲವತ್ತು ವರ್ಷ ಮಿಶ್ರಿ ಹಚ್ಚಿ ಹಲ್ಲು ಉಜ್ಜಿದವರು (ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ಸ್ವಚ್ಛವಾಗುತ್ತದೆ ಅಂತ ನಂಬಿದ ಹೆಂಗಸರು ಈ ಕಡೆ ಲೆಕ್ಕವಿಲ್ಲದಷ್ಟು), ಕೆನ್ನೆಯ ಆಪರೇಷನ್ ಆಯಿತು. ಮಗ ಕೆಲಸಕ್ಕೆ ಹೋದರೆ ರಾತ್ರಿಯೇ. ಸೊಸೆ ಮರಾಠಿಯವಳು, ಪಾಪ ಒಳ್ಳೆಯವಳು, ಕನ್ನಡ ಅಷ್ಟಕ್ಕಷ್ಟೇ. ಮೊಮ್ಮಕ್ಕಳಿಗೆ "ಊಟ ಆಯ್ತಾ, ಬಾ, ಹೋಗು" ಅಷ್ಟು ಬರುತ್ತದೆ. ಒಂದು ಭಾಷೆ ಚೆನ್ನಾಗಿ ಗೊತ್ತಿರುವವನು ಅರ್ಧ ಕೇಳಿಸಿದರೂ ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾನೆ. ಗೊತ್ತಿಲ್ಲದವನಿಗೆ ಸ್ಪಷ್ಟವಾಗಿ ಹೇಳಿದ್ದೇ ಕಷ್ಟ, ತೊದಲಿದ್ದು ಹೇಗೆ ತಿಳಿಯಬೇಕು? ಅಜ್ಜಿಗೆ ಮರಾಠಿ ಬರುತ್ತದೆ, ಆದರೆ ಕಲಿತ ಭಾಷೆಯನ್ನು ಈ ಬಾಯಿಯಲ್ಲಿ ಆಡಲು ಸಂಕೋಚ. ಹೀಗಾಗಿ ತುಂಬಿದ ಮನೆಯಲ್ಲಿ ಅವರು ಒಬ್ಬರೇ. ಮೊಮ್ಮಕ್ಕಳಿಗೆ ಕನ್ನಡ ಯಾಕೆ ಕಲಿಸಬೇಕು ಅಂತ ನಮ್ಮಲ್ಲಿ ದೊಡ್ಡ ದೊಡ್ಡ ಚರ್ಚೆ ಆಗುತ್ತದಲ್ಲ, ಸಂಸ್ಕೃತಿ, ಪರಂಪರೆ, ಜ್ಞಾನಪೀಠ ಅಂತ. ನನಗೆ ಈ ಒಂದೇ ಕಾರಣ ಸಾಕು. ಅಜ್ಜಿ "ನೀರ ಕೊಡು" ಅಂತ ತೊದಲಿದರೆ ಪೆನ್ನು ಕಾಗದ ತರದೆ ನೀರು ತರುವಷ್ಟು ಕನ್ನಡ.

ಹೊರಗಿನ ಲೋಕದ ಕಥೆ ಬೇರೆ. ತೊದಲುವ ಗಂಡಸು ಅಂದರೆ ನಮ್ಮ ಜನಕ್ಕೆ ಹೊಳೆಯುವುದು ಒಂದೇ, ಕುಡಿದಿದ್ದಾನೆ. ಅಣ್ಣನನ್ನು ಒಂದು ಬ್ಯಾಂಕಿನ ಕೌಂಟರಿನಲ್ಲಿ ಹಾಗೇ ಅಂದು, ಕಾವಲುಗಾರನನ್ನು ಕರೆದರು. ಅವರು ತಮ್ಮ ದುಡ್ಡು ತಾವು ತೆಗೆಯಲು ಹೋದವರು. ಆಮೇಲೆ ಒಂದು ಚೀಟಿ ಬರೆಸಿ ಲ್ಯಾಮಿನೇಟ್ ಮಾಡಿಸಿ ಅಂಗಿ ಜೇಬಿಗೆ ಹಾಕಿದೆವು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ, ಹಿಂದಿ: "ನನಗೆ ಬಾಯಿಯ ಆಪರೇಷನ್ ಆಗಿದೆ. ನಿಧಾನವಾಗಿ ಮಾತಾಡುತ್ತೇನೆ. ದಯವಿಟ್ಟು ಕೇಳಿಸಿಕೊಳ್ಳಿ." ಚೀಟಿ ಮಾತಿನ ಬದಲಿಗಲ್ಲ, ಮಾತಿಗೆ ಮುಂಚೆ. ತೋರಿಸಿ, ಆಮೇಲೆ ಮಾತಾಡುವುದು.

ಮಹಾರಾಷ್ಟ್ರದಲ್ಲಿರುವ ನಮಗೆ ಕಣ್ಣೆದುರೇ ಒಂದು ಉದಾಹರಣೆ ಇದೆ. ರಾಜಕೀಯ ಬದಿಗಿಡಿ. ಶರದ್ ಪವಾರ್ ಅವರಿಗೆ 2004ರಲ್ಲಿ ಬಾಯಿಯ ಕ್ಯಾನ್ಸರ್ ಆಪರೇಷನ್ ಆಯಿತು. ಆಮೇಲೆ ಅವರ ಉಚ್ಚಾರ ಮೊದಲಿನಂತಿಲ್ಲ ಅನ್ನುವುದು ಟಿವಿ ನೋಡುವ ಎಲ್ಲರಿಗೂ ಗೊತ್ತು. ಆದರೆ ಅವರೇನು ಮಗಳ ಕೈಗೆ ಮೈಕ್ ಕೊಟ್ಟು ಕೂತರೇ? ಕೇಂದ್ರದಲ್ಲಿ ಹತ್ತು ವರ್ಷ ಮಂತ್ರಿಯಾಗಿದ್ದರು. 2019ರ ಅಕ್ಟೋಬರಿನಲ್ಲಿ ಸಾತಾರಾದಲ್ಲಿ 78ನೇ ವಯಸ್ಸಿನಲ್ಲಿ ಸುರಿಯುವ ಮಳೆಯಲ್ಲಿ ನಿಂತು ಭಾಷಣ ಮಾಡಿದ್ದನ್ನು ಇಡೀ ರಾಜ್ಯ ನೋಡಿತು. ಜನ ಮಳೆಯಲ್ಲಿ ನಿಂತು ಕೇಳಿದರು. ಎರಡು ದಶಕ ಕೇಳಿ ಕೇಳಿ ಮಹಾರಾಷ್ಟ್ರದ ಕಿವಿ ಆ ಉಚ್ಚಾರಕ್ಕೆ ಹೊಂದಿಕೊಂಡಿದೆ. ದೊಡ್ಡವರು, ಅವರ ಮಾತು ಕೇಳದೆ ವಿಧಿಯಿಲ್ಲ ಅಂತೀರಾ? ಹಾಗಾದರೆ ಮನೆಯ ಹಿರಿಯರ ಮಾತು ಕೇಳದಿದ್ದರೆ ನಡೆಯುತ್ತದೆ ಅಂತಾಯಿತಲ್ಲ.

ನಮ್ಮ ಕನ್ನಡ ಸಂಘಗಳವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವ ಆಗಲಿ, ಯಕ್ಷಗಾನ ಆಗಲಿ, ಏನೂ ಬೇಡ ಅನ್ನುವುದಿಲ್ಲ. ತಾಳಮದ್ದಳೆಯಲ್ಲಿ ಮೂರು ತಾಸು ಅರ್ಥಗಾರಿಕೆ ಕೇಳುವ ತಾಳ್ಮೆ ಇರುವ ಜನ ನಾವು. ಒಂದೊಂದು ಸಂಘದಿಂದ ಹತ್ತು ಜನರ ಹೆಸರು, ಫೋನ್ ನಂಬರಿನ ಒಂದು ಪಟ್ಟಿ ಮಾಡಿ, ನಿವೃತ್ತರೇ ಆಗಲಿ, ಪರೇಲಿನ ಸುತ್ತಮುತ್ತ ಊರಿಂದ ಬಂದು ಉಳಿದವರಿಗೆ ಅದು ಸಿಗುವಂತೆ ಮಾಡಿದರೆ ಸಾಕು. ಥೆರಪಿಗೆ ಜೊತೆಗೆ ಹೋಗಿ ಕೂರುವುದು, ಕನ್ನಡದ ಶಬ್ದಗಳ ಹಾಳೆ ಬರೆದುಕೊಡುವುದು, ವಾರದಲ್ಲಿ ಎರಡು ದಿನ ಅರ್ಧ ಗಂಟೆ ಎದುರು ಕೂತು ಮಾತಾಡಿಸುವುದು. ಹಣ ಬೇಕಾಗಿಲ್ಲ, ಅಧ್ಯಕ್ಷರೂ ಬೇಕಾಗಿಲ್ಲ. ಇದನ್ನು ಎರಡು ಕಡೆ ಹೇಳಿ ನೋಡಿದ್ದೇನೆ, "ಮುಂದಿನ ಸಭೆಯಲ್ಲಿ ನೋಡೋಣ" ಅಂದಿದ್ದಾರೆ. ಮುಂದಿನ ಸಭೆ ಬರಬೇಕಷ್ಟೇ.

ಕೇಳುವುದಕ್ಕೂ ಒಂದು ರೀತಿ ಇದೆ. ಟಿವಿ ಆರಿಸಿ, ಎದುರು ಕೂತು ಮುಖ ನೋಡಿ, ಅರ್ಧ ಅರ್ಥವಾದದ್ದನ್ನು ಪೂರ್ತಿ ನಮ್ಮ ಬಾಯಿಂದ ಮುಗಿಸಬಾರದು. ತಿಳಿಯದೆ "ಹೂಂ ಹೂಂ, ಗೊತ್ತಾತು" ಅಂತ ತಲೆಯಾಡಿಸಬಾರದು, ಅವರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ತಿಳಿದಷ್ಟನ್ನು ನಾವು ಮತ್ತೆ ಹೇಳಿ, "ನಾಳೆ ದವಾಖಾನಿಗೆ, ಮುಂದ ಏನಂದ್ರಿ?" ಅಂತ ಕೇಳಿದರೆ ಅವರು ಬರೀ ಉಳಿದ ಒಂದು ಶಬ್ದ ಹೇಳಿದರೆ ಸಾಕಾಗುತ್ತದೆ. ಪಕ್ಕದಲ್ಲಿ ಒಂದು ನೀರಿನ ಬಾಟಲಿ ಇರಲಿ. ರೇಡಿಯೇಶನ್ನಿನಲ್ಲಿ ಜೊಲ್ಲುಗ್ರಂಥಿ ಒಣಗಿದವರಿಗೆ ನಾಲ್ಕು ಮಾತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಒಂದೊಂದು ಗುಟುಕು ಕುಡಿದು ಮಾತಾಡುತ್ತಾರೆ.

ಅಣ್ಣ ಈಗ ಊರಲ್ಲಿದ್ದಾರೆ, ಅಂಗಡಿಗೂ ಹೋಗುತ್ತಾರೆ. ಫೋನ್ ಮಾಡಿದರೆ ವೈನಿ ಎತ್ತಿ, ಏನೂ ಕೇಳದೆ ಅವರ ಕೈಗೇ ಕೊಡುತ್ತಾರೆ. ಫೋನಿನಲ್ಲಿ ತುಟಿ ಕಾಣುವುದಿಲ್ಲವಾದ್ದರಿಂದ ಇವತ್ತಿಗೂ ಮೂರಕ್ಕೊಂದು ಶಬ್ದ ಮತ್ತೆ ಕೇಳಬೇಕಾಗುತ್ತದೆ. ಮೊನ್ನೆ ಹಾಗೇ ಎರಡು ಸಲ "ಏನಂದಿ ಅಣ್ಣಾ?" ಅಂದಿದ್ದಕ್ಕೆ, ಬಹಳ ಸ್ಪಷ್ಟವಾಗಿ ಬೈದರು.